ಎಳೆಯುವ ಕೊಕ್ಕೆ

ದುಬಾರಿ ಕರೆಂಟ್ ಕಾರು ನಡುದಾರಿಯಲ್ಲಿ ಕೈಕೊಡುವುದಿಲ್ಲ ಎಂದು ಗಂಗಾವತಿಯ ಅಕ್ಕಿ ಗಿರಣಿಯವರೆಲ್ಲ ಆಗ ನಂಬಿದ್ದರು. ಗಿರಣಿ ಮಾಲೀಕ ಶರಭಣ್ಣ ಧಣಿಗಳೂ ನಂಬಿದ್ದರು. ಆದರೂ ಒಂದನ್ನು ಕೊಳ್ಳುವ ಮುನ್ನ ಹುಬ್ಬಳ್ಳಿಯ ಶೋರೂಮಿನ ಬಾಗಿಲಲ್ಲಿ ತಮ್ಮ ಡ್ರೈವರನ ಕಡೆ ತಿರುಗಿದರು.

"ಗಾಡಿ ಗಟ್ಟಿ ಐತೋ ಇಲ್ಲೋ ನೀನ ಹೇಳಬೇಕು. ಹೂಂ ಅಂದು, ಮುಂದ ಅದು ನಿಂತರ ನಿನ್ನ ನೌಕರಿ ಹೋತು. ಬ್ಯಾಡ ಅಂದರ, ಇವಗ ಹೊಸ ಗಾಡಿ ತಿಳಿಯಂಗಿಲ್ಲ ಅಂತ ಬ್ಯಾರೆಯವನ್ನ ಇಟ್ಕೋತೀನಿ."

ಇಪ್ಪತ್ತೆರಡು ವರ್ಷ ಡೀಸೆಲ್ ಗಾಡಿ ಓಡಿಸಿದವನು ಡ್ರೈವರ್. ಗಿರಾಕಿಗಳಿಗೆ ಓಡಿಸಿ ತೋರಿಸಲು ಇಟ್ಟಿದ್ದ ಗಾಡಿಯ ಬಾನೆಟ್ ಎತ್ತಿ ನೋಡಿದ. ಒಂದು ಪ್ಲಾಸ್ಟಿಕ್ ಮುಚ್ಚಳ ಬಿಟ್ಟು ಒಳಗೆ ಏನೂ ಕಾಣಲಿಲ್ಲ.

ಶೋರೂಮಿನ ಮ್ಯಾನೇಜರ್ ನಕ್ಕ. "ಯಜಮಾನ್ರೇ, ಇದರಲ್ಲಿ ಕೆಡೋಕೇ ಏನೂ ಇಲ್ಲ. ಈ ಡೆಮೊ ಗಾಡಿ ಎಂಟು ತಿಂಗಳಿಂದ ಓಡ್ತಿದೆ. ಒಂದು ದಿನವೂ ನಿಂತಿಲ್ಲ."

"ಭಾಳ ಚಲೋ ಆತು ಸರ್," ಎಂದ ಡ್ರೈವರ್. "ಹಂಗಂದ್ರ, ಗಾಡಿ ನಿಂತರ ಸರಪಳಿ ಹಾಕಿ ಎಳಿಯಾಕ ಒಂದು ಕೊಕ್ಕಿ ಇಟ್ಟಿರತಾರಲ್ಲ, ಅದು ಇನ್ನೂ ಹೊಸಾದ ಇರಬೇಕು. ನಮ್ಮ ಧಣ್ಯಾರಿಗೆ ಒಂದೀಟು ತೋರಸ್ರಿ."

"ಅದ್ಯಾಕೆ ಈಗ?" ಎಂದ ಮ್ಯಾನೇಜರ್. ನಗು ಅರ್ಧಕ್ಕೇ ನಿಂತಿತ್ತು.

"ಯಾಕಂದ್ರ? ತೋರಸ್ರಿ," ಎಂದರು ಧಣಿಗಳು.

ಮ್ಯಾನೇಜರ್ ಡಿಕ್ಕಿ ತೆರೆದು, ನಿಧಾನವಾಗಿ ಕೊಕ್ಕೆ ಎತ್ತಿಕೊಟ್ಟ. ಡ್ರೈವರ್ ಹೂಂ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಧಣಿಗಳೇ ಅದನ್ನು ಕನ್ನಡಕದ ಹತ್ತಿರ ಹಿಡಿದರು.

ಸರಪಳಿ ಉಜ್ಜಿ ಉಜ್ಜಿ ಕೊಕ್ಕೆಯ ಬಣ್ಣವೆಲ್ಲ ಹೋಗಿತ್ತು.