ತಾಳಿಯ ಜೊತೆ ತೂಗಿದ ಪೆನ್‌ಡ್ರೈವ್

ಕೆಲಸ ಮುಗಿದ ಕೂಡಲೇ ಪ್ರೊಫೆಸರ್ ವಾರಿಜಾಕ್ಷಿ ಮೇಡಂ ದಾರ ಕಟ್ಟಿದ ಪೆನ್‌ಡ್ರೈವನ್ನು ಕಂಪ್ಯೂಟರಿನಿಂದ ಕಿತ್ತು, ಸೆರಗಿನಲ್ಲಿ ಒರೆಸಿ, ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ತಾಳಿಯ ಪಕ್ಕದಲ್ಲೇ ತೂಗಿ ತೂಗಿ ಪೆನ್‌ಡ್ರೈವಿಗೆ ಜಂಬ ಬಂದಿತ್ತು.

ಒಂದು ಬೆಳಿಗ್ಗೆ ಹೊಸ ಅತಿಥಿ ಉಪನ್ಯಾಸಕಿ ರೇಷ್ಮಾ ಬಾಗಿಲಲ್ಲಿ ನಿಂತು, "ಮೇಡಂ, ಮಧ್ಯಾಹ್ನ ನನ್ನ ಮೊದಲ ಕ್ಲಾಸು. ವಿಭಾಗದ ಮುಖ್ಯಸ್ಥರೂ ಬಂದು ಕೂರ್ತಾರಂತೆ. ಮಣ್ಣಿನ ಪಾಠದ ಸ್ಲೈಡು ಕೊಡ್ತೀರಾ?" ಎಂದಳು.

"ಅದು ನನ್ನ ಎಷ್ಟೋ ವರ್ಷದ ದುಡಿಮೆ ಕಣಮ್ಮ. ನೀವೇ ಮಾಡಿ, ಕಲೀತೀರಿ," ಎಂದರು ಮೇಡಂ.

ರೇಷ್ಮಾ ತಲೆತಗ್ಗಿಸಿ ಹೋದಳು. ವಿಭಾಗದ ಹಳೇ ಕಂಪ್ಯೂಟರಿಗೆ ಸಿಕ್ಕಿಸಿದ್ದ ಪೆನ್‌ಡ್ರೈವ್ ಬೀಗಿತು. "ಕೇಳಿದೆಯಾ? ಬಂದವರಿಗೆಲ್ಲ ಬಾಯಿ ತೆರೆಯೋಕೆ ನಾನೇನು ನಿನ್ನ ಹಾಗಾ?"

"ಅಲ್ಲ ಮಾರಾಯ, ಆ ಪಾಠವನ್ನು ಇಂಟರ್ನೆಟ್ಟಿನಿಂದ ಇಳಿಸಿ ನಿನ್ನ ಹೊಟ್ಟೆಗೆ ಹಾಕಿದ್ದೇ ನಾನು," ಎಂದಿತು ಕಂಪ್ಯೂಟರ್. "ಮೇಡಂ ಮೊದಲ ಪುಟದಲ್ಲಿದ್ದ ಹೆಸರು ಅಳಿಸಿ ತಮ್ಮದು ಹಾಕಿಕೊಂಡರು. ಕೊನೆಯ ಪುಟವನ್ನು ಮರೆತರು. ನೋಡಿಕೋ."

ಪೆನ್‌ಡ್ರೈವ್ ನೋಡಿಕೊಂಡಿತು. ಅಲ್ಲಿ ಹೀಗಿತ್ತು: "ಈ ಪಾಠ ಎಲ್ಲರದು. ಕೇಳಿದವರಿಗೆ ಕೊಡಿ. ಹನುಮವ್ವ ನಾಯಕ, ಸಿಂಧನೂರು."

ಅದರ ಪುಟ್ಟ ದೀಪ ಮಂಕಾಯಿತು. ತನ್ನದೆಂದು ಬೀಗಿದ್ದರಲ್ಲಿ ತನ್ನದು ಒಂದಕ್ಷರವೂ ಇರಲಿಲ್ಲ.

ಅಷ್ಟರಲ್ಲಿ ಮೇಡಂ ಅದನ್ನು ಕಿತ್ತು, ಒರೆಸಿ, ಕೊರಳಿಗೆ ಹಾಕಿಕೊಂಡು ಹೊರಟರು. ಹೊರಗೆ ಕಲ್ಲುಬೆಂಚಿನ ಮೇಲೆ ರೇಷ್ಮಾ ಪುಸ್ತಕ ನೋಡಿ ಮಣ್ಣಿನ ಪದರಗಳ ಚಿತ್ರವನ್ನು ಕೈಯಲ್ಲೇ ಬಿಡಿಸುತ್ತಿದ್ದಳು. ಮೇಡಂ ಹೆಜ್ಜೆ ನಿಲ್ಲಿಸಲಿಲ್ಲ.

ಪೆನ್‌ಡ್ರೈವ್ ಸೆರಗಿನ ಮರೆಯಿಂದ ಮೆಲ್ಲಗೆ ಅಂದಿತು: "ಮೇಡಂ, ಒಂದು ನಿಮಿಷ ನಿಲ್ಲಿ. ನನ್ನನ್ನು ಆ ಹುಡುಗಿಯ ಕೈಗೆ ಕೊಡಿ."