ಸಿಡಿಲಬಾಹುವಿನ ಕೆಂಪು ಶಲ್ಯ

ರದ್ದಿ ಅಂಗಡಿಯಲ್ಲಿ ಕಟ್ಟಿನ ಹುರಿ ಸಡಿಲವಾಗಿ ಹಳೆಯ ಚಿತ್ರಕಥೆಯ ಪುಸ್ತಕವೊಂದು ನೆಲಕ್ಕೆ ಬಿತ್ತು. ಕೆಂಪು ಶಲ್ಯ ಹಾರಿಸುತ್ತ ಆಕಾಶದಲ್ಲಿ ತಿರುಗುತ್ತಿದ್ದ ಅದರ ನಾಯಕ ಸಿಡಿಲಬಾಹು ಮೂಲೆಯಲ್ಲಿ ಅಂಗಾತ ಬಿದ್ದ. ತುಂಬು ಬಸುರಿ ಇಲಿಯೊಂದು ಬಂದು ಪುಟದ ಅಂಚಿಗೆ ಹಲ್ಲಿಟ್ಟಿತು.

"ನಿಲ್ಲಮ್ಮ," ಎಂದ ಸಿಡಿಲಬಾಹು. "ನಾನು ಕರೆದವರನ್ನು ಕಾಪಾಡುವವನು."

"ಈಗ ನಿನ್ನನ್ನು ಯಾರು ಕರೆಯುತ್ತಾರಣ್ಣ?" ಎಂದಿತು ಇಲಿ.

ಬಹಳ ವರ್ಷಗಳಿಂದ ಯಾರೂ ಕರೆದಿರಲಿಲ್ಲ. ಆದರೂ ಯಾರಾದರೂ ಒಂದು ದಿನ ಪುಟ ತೆರೆದು ಓದಿಯಾರು ಎಂದು ಅವನು ಕಾದಿದ್ದ. ಹರಿದುಹೋದರೆ ಆ ಆಸೆಯೂ ಮುಗಿದಂತೆ.

"ಹೊಸ ಪುಸ್ತಕಗಳು ಅಷ್ಟೊಂದು ಬಿದ್ದಿವೆಯಲ್ಲ?" ಎಂದ.

"ಅವುಗಳ ಕಾಗದ ಬರೀ ನುಣುಪು, ಮುಟ್ಟಿದರೆ ತಣ್ಣಗೆ. ಹೋದ ಸಲ ಅದರಲ್ಲೇ ಗೂಡು ಕಟ್ಟಿದೆ. ಚಳಿಗೆ ಒಂದು ಮರಿಯೂ ಉಳಿಯಲಿಲ್ಲ. ನೀನು ಹಳಬ, ಮೆತ್ತಗಿದ್ದೀಯ. ಈ ಸಲ ನನ್ನ ಮಕ್ಕಳನ್ನು ಕಾಪಾಡಣ್ಣ."

ಸಿಡಿಲಬಾಹು ತನ್ನ ಕೆಂಪು ಶಲ್ಯದತ್ತ ನೋಡಿದ.

"ಕರೆದೆಯಲ್ಲ, ಸಾಕು," ಎಂದ. "ಶಲ್ಯದಿಂದ ಶುರು ಮಾಡು. ಅದೇ ದೊಡ್ಡದು."

ಅದೇ ಹಾಳೆಯ ಹಿಂಬದಿಯಲ್ಲಿದ್ದ ಅವನ ಹಳೆಯ ವೈರಿ, ಕಪ್ಪು ನಿಲುವಂಗಿಯ ಕರಾಳ ಬೊಬ್ಬೆ ಹಾಕಿದ. "ನನ್ನನ್ನೊಂದು ಮಾತು ಕೇಳಿದೆಯಾ? ನಾನೂ ಹರಿದುಹೋಗುತ್ತೇನಲ್ಲೋ."

"ಜನ್ಮದಲ್ಲಿ ಒಂದಾದರೂ ಒಳ್ಳೆಯ ಕೆಲಸ ಮಾಡು, ಮಾರಾಯ," ಎಂದ ಸಿಡಿಲಬಾಹು.

ಇಲಿ ಹಲ್ಲು ಊರಿತು.

ಬೆಳಗ್ಗೆ ಕೆಂಪು ಚೂರು, ಕಪ್ಪು ಚೂರುಗಳ ನಡುವೆ ಮರಿಗಳು ಮಲಗಿದ್ದವು. ಎಲ್ಲವೂ ಬದುಕಿದ್ದವು.