ಪರದೆಯ ಹಿಂದಿನ ಕೊಳ

ಮಕ್ಕಳೇ, ಕಂಪ್ಯೂಟರಿನ ಪರದೆಯ ಹಿಂದೆ ತೆಳುಮಂಜು ಹೊದ್ದ ಒಂದು ಕೊಳವಿದೆ. ಹಾಡಿಗೆ ಬಣ್ಣ ಕಟ್ಟುವ ಪ್ರಾಣಿಗಳೆಲ್ಲ ಅಲ್ಲೇ ವಾಸ. ದೊಡ್ಡವರು ಅವನ್ನು ಪ್ಲಗಿನ್ ಎನ್ನುತ್ತಾರೆ. ಕಪ್ಪೆ ಗುಟುರಮ್ಮ ಹಾಡಿಗೆ ಗುಡುಗಿನ ದನಿ ಬೆರೆಸುತ್ತಾಳೆ. ಬಾವಲಿ ತೂಗಯ್ಯ ಮಾರ್ದನಿ ಕೊಡುತ್ತಾನೆ.

ಆಮೆ ಮಂದಣ್ಣ ಮಾತ್ರ ಹಾಡುವುದಿಲ್ಲ. ನೀರಿನಡಿ ಕೂತು, ಬೇಕಾದವರನ್ನು ಎಬ್ಬಿಸುವುದು, ಕೆಲಸ ಮುಗಿದವರನ್ನು ಮಲಗಿಸುವುದು ಅವನ ಪಾಲಿನದು. ಹೊಸಬರನ್ನು ಮೊದಲು ದಿಬ್ಬದಾಚೆಯ ಹೊಂಡದ ಬಳಿ ಹಾಡಿಸಿ ನೋಡುತ್ತಾನೆ. ಹೊಂಡ ಕಲಕಿದರೂ ಕೊಳ ಕದಲದು. ಗೆದ್ದವರ ಹೆಸರನ್ನು ತಾವರೆ ಎಲೆಯ ಮೇಲೆ ಗೀರಿಡುತ್ತಾನೆ.

ಅವನಿಗಿದ್ದದ್ದು ಒಂದೇ ದೋಷ: ದಾಕ್ಷಿಣ್ಯ.

ಒಂದು ಮುಂಜಾನೆ ಮಂದಣ್ಣನ ಭಾವ, ಜೀರುಂಡೆ ಝೇಂಕಪ್ಪ ಪೊರೆ ಕಳಚಿ, ಹೊಸ ರೆಕ್ಕೆ ತೊಟ್ಟು ಬಂದ.

“ಒಮ್ಮೆ ಹೊಂಡಕ್ಕೆ ಹೋಗಿ ಬರೋಣವೇ, ಭಾವ?” ಎಂದ ಮಂದಣ್ಣ.

“ನನಗೂ ಹೊಂಡವೇ! ಎಲೆಯ ಮೇಲೆ ನನ್ನ ಹೆಸರಿಲ್ಲವೇ? ನಮ್ಮ ನೆಂಟಸ್ತಿಕೆ ಇಷ್ಟೇ ಅನ್ನು!”

‘ಹೆಸರು ಹಳೆಯದು, ರೆಕ್ಕೆ ಹೊಸದು’ ಎಂಬ ಮಾತು ಮಂದಣ್ಣನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

“ಹೋಗಲಿ, ಬಾ.”

ಹಾಡು ಶುರುವಾಯಿತು. ಆ ಹಾಡಿಗೇ ತಾವರೆ ಅರಳುವುದು. ಹಿಂದಿನ ಸಂಜೆ ಅದರೊಳಗೆ ಸಿಕ್ಕಿಬಿದ್ದ ದುಂಬಿಯೊಂದು ಗಾಳಿಗಾಗಿ ಕಾಯುತ್ತಿತ್ತು. ದಳಗಳು ಕನಸಿನಲ್ಲೆಂಬಂತೆ ಸಡಿಲವಾದವು.

ಆಗ ಝೇಂಕಪ್ಪ ರೆಕ್ಕೆ ಉಜ್ಜಿದ. ಝೀ ಎಂದದ್ದು ನಿಲ್ಲಲೇ ಇಲ್ಲ. ತಳದ ಕೆಸರೆಲ್ಲ ಮೇಲೆದ್ದಿತು. ಗುಟುರಮ್ಮನ ಗಂಟಲು ಕಟ್ಟಿತು. ತೂಗಯ್ಯ ದಿಕ್ಕು ತಪ್ಪಿ ಕೊಂಬೆಗೆ ಬಡಿದ. ಹಾಡು ನಿಂತಿತು. ದಳಗಳು ಮತ್ತೆ ಮುಚ್ಚಿಕೊಂಡವು.

“ಮಂದಣ್ಣಾ, ಉಸಿರು ಕಟ್ಟುತ್ತಿದೆ!” ದುಂಬಿಯ ದನಿ ನೂಲಿನಷ್ಟಾಯಿತು.

“ನಿಲ್ಲಿಸಲು ಆಗುತ್ತಿಲ್ಲ, ಭಾವ!” ಝೇಂಕಪ್ಪ ಅತ್ತ.

ಮಂದಣ್ಣ ಅವನನ್ನು ಚಿಪ್ಪಿನ ಮೇಲೆ ಹೇರಿಕೊಂಡು ಹೊಂಡದ ಬಳಿ ಇಳಿಸಿ ಬಂದ. ಕೆಸರು ಕೂತ ಮೇಲೆ ಗುಟುರಮ್ಮ ಒಬ್ಬಳೇ ಹಾಡಿದಳು. ತಾವರೆ ಬಿರಿಯಿತು. ದುಂಬಿ ತೆವಳುತ್ತ ಹೊರಬಂತು.

“ಭಾವನ ಮುಖ ಬಾಡಬಾರದು, ನನ್ನ ಉಸಿರು ಹೋದರೂ ಸರಿ. ಅಲ್ಲವೇ?” ಎಂದಿತು ದುಂಬಿ.

ಮಂದಣ್ಣ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ.

ಅಂದು ಸಂಜೆಯವರೆಗೂ ಝೇಂಕಪ್ಪನನ್ನು ಹೊಂಡದ ಬಳಿ ಹಾಡಿಸಿ, ದನಿ ಹದಕ್ಕೆ ಬಂದ ಮೇಲೆ ಎಲೆಯ ಮೇಲೆ ಅವನ ಹೆಸರನ್ನು ಹೊಸದಾಗಿ ಗೀರಿಟ್ಟ.

ಮರುದಿನ ಝೇಂಕಪ್ಪ ಅಳುಕುತ್ತ ಕೇಳಿದ: “ಇವತ್ತೂ ಹೊಂಡವೇ?”

“ರೆಕ್ಕೆ ನಿನ್ನೆಯದೇ ತಾನೇ? ಹಾಗಾದರೆ ಒಳಗೆ ಬಾ. ಪೊರೆ ಬಿಟ್ಟ ದಿನ ಮಾತ್ರ, ಭಾವನಾದರೂ ಸರಿ, ಮೊದಲು ಹೊಂಡ.”

ಮಂಜಿನ ನಡುವಿನಿಂದ ಹಾಡು ಮೆಲ್ಲನೆ ಎದ್ದಿತು. ದುಂಬಿ ಈ ಸಲ ದಂಡೆಯ ಮೇಲೆ ಕೂತು ಕೇಳಿತು.

ನೀತಿ: ಪರಿಚಯ ಎಷ್ಟೇ ಹಳೆಯದಿರಲಿ, ಬದಲಾದದ್ದನ್ನು ಮತ್ತೆ ಪರೀಕ್ಷಿಸಿಯೇ ನಂಬಬೇಕು.